ಅಯೋನಾದಲ್ಲಿ ಮಠವೊಂದನ್ನೇ ನೋಡಿ ಮರಳಬೇಡಿ

ಮಾನ್ಯರೇ,

ಸ್ಕಾಟ್ಲೆಂಡಿನ ದ್ವೀಪಗಳ ಬಗ್ಗೆ ಬರುವ ಪ್ರವಾಸ ಲೇಖನಗಳಲ್ಲಿ ಅಯೋನಾದ ಪಾಲಿಗೆ ದಕ್ಕುವುದು ಮಠದ ಒಂದು ಚಿತ್ರ, 563ರಲ್ಲಿ ಐರ್ಲೆಂಡಿನಿಂದ ಬಂದಿಳಿದ ಸಂತ ಕೊಲಂಬನ ಹೆಸರು, ಅಷ್ಟೇ. ಆದರೆ ಈಗ ಕಾಣುವ ಮಠ ಕೊಲಂಬನ ಕಾಲದ್ದಲ್ಲ. 1200ರ ಸುಮಾರಿಗೆ ಬೆನೆಡಿಕ್ಟ್ ಪಂಥದ ಕ್ರೈಸ್ತ ಸನ್ಯಾಸಿಗಳಿಗಾಗಿ ಎದ್ದ ಕಟ್ಟಡ ಪಾಳುಬಿದ್ದಿತ್ತು. ಅದರ ಬಹುಭಾಗವನ್ನು 20ನೇ ಶತಮಾನದಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದರು.

ಮಧ್ಯಯುಗವನ್ನು ಇದ್ದಂತೆಯೇ ನೋಡಬೇಕೆಂದರೆ ಮಠಕ್ಕೆ ಹೋಗುವ ದಾರಿಯಲ್ಲೇ ಸಿಗುವ ಸನ್ಯಾಸಿನಿಯರ ಮಠದ ಅವಶೇಷಗಳ ಬಳಿ ನಿಲ್ಲಬೇಕು. ನಸುಗೆಂಪು ಗ್ರಾನೈಟಿನ ಆ ಗೋಡೆಗಳನ್ನು ಯಾರೂ ಪುನಃ ಕಟ್ಟಲಿಲ್ಲ. ಅವಸರದವರು ಅವನ್ನು ದಾಟಿಯೇ ಹೋಗಿಬಿಡುತ್ತಾರೆ.

ದ್ವೀಪದ ನಿಜವಾದ ಸಂಪತ್ತು ಶಿಲುಬೆಗಳು. ಮಠದ ಮುಂದಿನ ಸಂತ ಮಾರ್ಟಿನನ ಶಿಲುಬೆ 8ನೇ ಶತಮಾನದಲ್ಲಿ ನೆಟ್ಟಲ್ಲೇ ನಿಂತಿದೆ. ಪಕ್ಕದ ಸಂತ ಜಾನನ ಶಿಲುಬೆ ಮಾತ್ರ 1970ರ ಕಾಂಕ್ರೀಟ್ ಪ್ರತಿಕೃತಿ. ಮೂಲದ ತುಂಡುಗಳನ್ನು ಜೋಡಿಸಿ ಮಠದ ಹಿಂದಿನ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ, ಅದನ್ನು ಬಿಡಲೇಬಾರದು. ಈ ಮೂಲ ಶಿಲುಬೆಯ ತೋಳುಗಳ ಅಗಲ 2 ಮೀಟರಿಗೂ ಹೆಚ್ಚು. ಬೇರೆ ಬೇರೆ ಕಲ್ಲುಗಳನ್ನು ಬಡಗಿ ಮರ ಕೂಡಿಸುವ ಹಾಗೆ ತೂತು-ಗೂಟ ಮಾಡಿ ಸೇರಿಸಿದ್ದರು. ಕಲ್ಲಿನ ಭಾರಕ್ಕೆ ಆ ಜೋಡಣೆ ತಡೆಯಲಿಲ್ಲ. ಆಸರೆಗೆಂದು ತೋಳುಗಳ ನಡುವೆ ಕಮಾನಿನಂಥ ತುಂಡುಗಳನ್ನು ಆಮೇಲೆ ಕೂರಿಸಿದರು. ಇಂದು ಕೆಲ್ಟಿಕ್ ಶಿಲುಬೆಯ ಗುರುತಾಗಿರುವ ಬಳೆಯಾಕಾರ ಹುಟ್ಟಿದ್ದು ಈ ರಿಪೇರಿಯಿಂದಲೇ ಇರಬಹುದು ಎನ್ನುವ ವಿದ್ವಾಂಸರಿದ್ದಾರೆ.

ಇನ್ನು ದಾರಿ. ಗ್ಲಾಸ್ಗೋದಿಂದ ಓಬನ್‌ಗೆ ರೈಲಿನಲ್ಲಿ ಸುಮಾರು 3 ಗಂಟೆ. ಅಲ್ಲಿಂದ ಮಲ್ ದ್ವೀಪದ ಕ್ರೇಗ್‌ನ್ಯೂರ್‌ಗೆ ಹಡಗಿನಲ್ಲಿ ಮುಕ್ಕಾಲು ಗಂಟೆಗೆ ತುಸು ಹೆಚ್ಚು. ಮುಂದೆ ಫಿಯನ್‌ಫರ್ಟ್‌ವರೆಗೆ ಸುಮಾರು 60 ಕಿ.ಮೀ. ರಸ್ತೆ, ಕೊನೆಗೆ 10 ನಿಮಿಷದ ಚಿಕ್ಕ ಫೆರ್ರಿ. ಗಾಳಿ ಜೋರಾಗಿ ಅಲೆಯೆದ್ದರೆ ಈ ಫೆರ್ರಿ ನಿಂತುಹೋಗುತ್ತದೆ. ಹಾಗಾಗಿ ಮರುದಿನ ಬೆಳಿಗ್ಗೆಯೇ ವಿಮಾನ ಹಿಡಿಯುವಂತೆ ಟಿಕೆಟ್ ಮಾಡಿಸಬೇಡಿ. ಸಾಧ್ಯವಾದರೆ ಒಂದು ರಾತ್ರಿ ದ್ವೀಪದಲ್ಲೇ ಉಳಿಯಿರಿ. ಪ್ರವಾಸಿಗರು ಅಯೋನಾಕ್ಕೆ ಕಾರು ಒಯ್ಯುವಂತಿಲ್ಲ. ಮಲ್‌ನಲ್ಲಿ ರಸ್ತೆ ಬಹುಪಾಲು ಒಂದೇ ವಾಹನದಗಲ. ಎದುರು ವಾಹನ ಬಂದಾಗ ತಂಗುಜಾಗ (ದಾರಿ ಬಿಡಲೆಂದು ರಸ್ತೆಯ ಬದಿಯನ್ನು ಅಗಲಿಸಿದ ಜಾಗ) ಎಡಕ್ಕಿದ್ದರೆ ಅದರೊಳಗೆ ಸರಿಯಿರಿ, ಬಲಕ್ಕಿದ್ದರೆ ಅದರ ಎದುರಿಗೆ ನಿಮ್ಮ ಬದಿಯಲ್ಲೇ ನಿಲ್ಲಿ. ಫೋಟೊ ತೆಗೆಯಲೆಂದು ಅಲ್ಲಿ ಕಾರು ನಿಲ್ಲಿಸಿದರೆ ಹಡಗು ಹಿಡಿಯಲು ಹೊರಟ ಊರಿನವರ ದಾರಿ ಕಟ್ಟುತ್ತದೆ.

ಇತಿ,
ಪತ್ರಿಕೆಯ ಓದುಗ