ಆಮೆ ಯಾಕೆ ಬಿತ್ತು?

ಪ್ರಿಯ ಗೆಳೆಯಾ,

ಪತ್ರ ಓದಿದೆ. ಮಗಳಿಗೆ ಐದು ತುಂಬಿದೆ, ಕೇಳಿದ ಕಥೆಯನ್ನೆಲ್ಲ "ಆಮೇಲೆ, ಆಮೇಲೆ" ಅಂತ ಪಟಪಟ ಒಪ್ಪಿಸುತ್ತಾಳೆ, "ಯಾಕೆ ಹಾಗಾಯ್ತು?" ಅಂದರೆ ಮಾತ್ರ ಮುಖ ನೋಡುತ್ತಾಳೆ ಅಂತ ಬರೆದಿದ್ದೀಯ. ಅವಳಿಗೆ ಕಾರಣ ಹೊಳೆಯುವುದೇ ಇಲ್ಲವೇನೋ ಅನ್ನುವ ಚಿಂತೆ ಬಿಡು.

ಕಾರಣದ ಅರಿವು ಮಾತಿಗಿಂತ ಮೊದಲೇ ಬಂದಿರುತ್ತದೆ. 1987ರಲ್ಲಿ ಅಲನ್ ಲೆಸ್ಲಿ ಮತ್ತು ಸ್ಟೆಫನಿ ಕೀಬಲ್ ಎಂಬ ಮನಶ್ಶಾಸ್ತ್ರಜ್ಞರು ಆರು ತಿಂಗಳ ಕೂಸುಗಳಿಗೆ ಪುಟ್ಟ ಚಲನಚಿತ್ರ ತೋರಿಸಿದರು. ಒಂದು ಬಣ್ಣದ ತುಂಡು ಬಂದು ಇನ್ನೊಂದಕ್ಕೆ ತಾಗುತ್ತದೆ, ತಾಗಿಸಿಕೊಂಡದ್ದು ಸರಿಯುತ್ತದೆ. ಅಷ್ಟೇ. ನೋಡಿ ನೋಡಿ ಬೇಜಾರಾದ ಮೇಲೆ ಅದನ್ನೇ ಉಲ್ಟಾ ಓಡಿಸಿದರು. ಕೂಸುಗಳು ಮತ್ತೆ ಗಮನವಿಟ್ಟು ನೋಡಿದವು. ತಾಗಿ ಸ್ವಲ್ಪ ಹೊತ್ತಾದ ಮೇಲೆ ಸರಿಯುವ ಚಿತ್ರವನ್ನು ಉಲ್ಟಾ ಮಾಡಿದಾಗ ಅಷ್ಟು ಆಸಕ್ತಿ ಹುಟ್ಟಲಿಲ್ಲ, ಅದರಲ್ಲಿ ತಳ್ಳಿದ ಹಾಗೆ ಕಾಣುವುದಿಲ್ಲವಲ್ಲ. ಯಾವುದು ತಳ್ಳಿತು, ಯಾವುದು ತಳ್ಳಿಸಿಕೊಂಡಿತು ಅನ್ನುವುದರ ಸುಳಿವು ಆ ವಯಸ್ಸಿಗೇ ಸಿಕ್ಕಿರುತ್ತದೆ ಅಂದಹಾಗಾಯ್ತು.

ಕಥೆಯಲ್ಲಿ ತೊಡಕು ಬೇರೆ. ಅಲ್ಲಿ ತಳ್ಳುವುದು ಕಣ್ಣಿಗೆ ಕಾಣುವುದಿಲ್ಲ. ಕಾರಣ ಯಾರದೋ ಮನಸ್ಸಿನೊಳಗೆ ಇರುತ್ತದೆ, ಇಲ್ಲವೇ ನಾಲ್ಕು ಪುಟ ಹಿಂದೆಯೇ ಬಂದುಹೋಗಿರುತ್ತದೆ. ಗೊತ್ತಿದ್ದರೂ ಹೇಳುವಾಗ ಗೊಂದಲ. ಮಕ್ಕಳು "ಯಾಕಂದ್ರೆ" ಅನ್ನುವುದನ್ನು ಹೇಗೆ ಬಳಸುತ್ತಾರೆ ಅಂತ ಸ್ವಿಸ್ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ನೂರು ವರ್ಷದ ಹಿಂದೆಯೇ, 1924ರಲ್ಲಿ ಬರೆದಿದ್ದ. ಅವನಿಗೆ ಸಿಕ್ಕ ಒಂದು ವಾಕ್ಯ ಹೀಗಿದೆ: ಆ ಮನುಷ್ಯ ಸೈಕಲ್‌ನಿಂದ ಬಿದ್ದ, ಯಾಕಂದ್ರೆ ಅವನ ಕೈ ಮುರಿಯಿತು. ನಗು ಬರುತ್ತೆ ಅಲ್ವಾ? ಆದರೆ ಮಗುವಿಗೆ ಎರಡು ಸಂಗತಿಯೂ ಗೊತ್ತು, ಅವಕ್ಕೆ ನಂಟಿದೆ ಅನ್ನುವುದೂ ಗೊತ್ತು. ದಿಕ್ಕು ಮಾತ್ರ ತಿರುಗುಮುರುಗು. ಅದಕ್ಕೇ ನಾನು ಮೊದಲು ಮುಂದಕ್ಕೆ ಕೇಳುತ್ತೇನೆ, ಹಿಂದಕ್ಕೆ ಆಮೇಲೆ. "ಬಿದ್ದ, ಅದರಿಂದ ಏನಾಯ್ತು?" ಅನ್ನುವುದು "ಕೈ ಯಾಕೆ ಮುರಿಯಿತು?" ಅನ್ನುವುದಕ್ಕಿಂತ ಸಲೀಸು. ಘಟನೆ ನಡೆದ ಸಾಲಿನಲ್ಲೇ ಅದೂ ಸಾಗುತ್ತದಲ್ಲ.

ಹಂಸಗಳ ಜೊತೆ ಹಾರಿದ ಆಮೆಯ ಕಥೆ ಹೇಳು. ಇದಕ್ಕೆ ಅದರಷ್ಟು ಒಳ್ಳೆಯದು ನನಗೆ ಸಿಕ್ಕಿಲ್ಲ. ಕೆರೆ ಬತ್ತುತ್ತದೆ. ಹಂಸಗಳು ಬೇರೆ ಕೆರೆಗೆ ಹೊರಡುತ್ತವೆ. ಕೋಲಿನ ಎರಡು ತುದಿ ಅವು ಹಿಡಿಯುತ್ತವೆ, ನಡುವೆ ಆಮೆ ಕಚ್ಚಿಕೊಳ್ಳುತ್ತದೆ. ಕೆಳಗಿನ ಜನ ನೋಡಿ ನಗುತ್ತಾರೆ. ಆಮೆ ಬಾಯಿ ತೆರೆಯುತ್ತದೆ. ಇಲ್ಲಿ ನಿಲ್ಲಿಸು. "ಈಗ ಏನಾಗುತ್ತೆ?"

ಬೀಳುತ್ತೆ ಅನ್ನುತ್ತಾಳೆ. ಬಾಯಿ ತೆರೆದಿದ್ದಕ್ಕೆ ಬಿತ್ತು ಅಂತಲೂ ಹೇಳುತ್ತಾಳೆ. ದೊಡ್ಡವರು ಸಾಮಾನ್ಯವಾಗಿ ಶಭಾಷ್ ಅಂದು ಅಲ್ಲಿಗೇ ಮುಗಿಸಿಬಿಡುತ್ತಾರೆ. ಕಥೆ ಇರುವುದೇ ಅದರಾಚೆ. ಬಾಯಿ ಯಾಕೆ ತೆರೆಯಿತು? ಜನ ನಕ್ಕಿದ್ದಕ್ಕೆ. ನಕ್ಕರೆ ನಕ್ಕರು, ಇದಕ್ಕೇನು? ಸಿಟ್ಟು ಬಂತು, ತಿರುಗಿ ಏನೋ ಹೇಳಬೇಕು ಅನ್ನಿಸಿತು. ಆ ಸಿಟ್ಟು ಯಾವ ಚಿತ್ರದಲ್ಲೂ ಇಲ್ಲ, ಮಗು ತಾನೇ ಒಳಗಿಂದ ತರಬೇಕು. ಇಲ್ಲಿ ಸಮಯ ಕೊಡು. "ಹಸಿವಾಗಿತ್ತು" ಅಂದರೆ ತಪ್ಪು ಅನ್ನಬೇಡ. "ಹೌದಾ? ಕಥೆಯಲ್ಲಿ ಎಲ್ಲಿದೆ, ಹುಡುಕೋಣ" ಅಂತ ಇಬ್ಬರೂ ಹಿಂದಕ್ಕೆ ಹೋಗಿ.

ಇನ್ನು ನನಗೆ ತುಂಬ ಇಷ್ಟದ ಆಟ. ಕಥೆಯಿಂದ ಒಂದೊಂದೇ ಸಂಗತಿ ತೆಗೆದು ನೋಡುವುದು. ಜನ ನಗದೇ ಇದ್ದಿದ್ದರೆ? ಕೆರೆ ಬತ್ತದೇ ಇದ್ದಿದ್ದರೆ? ಹಾಗೆ ಕೇಳುತ್ತಾ ನಡುವೆ ಸುಮ್ನೆ ಒಂದು ಸೇರಿಸು: ಹಂಸಗಳು ಕಪ್ಪಗಿದ್ದಿದ್ದರೆ? ಮಗು ಒಂದು ಕ್ಷಣ ತಡವರಿಸುತ್ತದೆ. ಆಮೇಲೆ, "ಆಗಲೂ ಬೀಳ್ತಿತ್ತು!" ತೆಗೆದರೂ ಕಥೆ ಹಾಗೇ ನಡೆದರೆ ಅದು ಕಾರಣವಲ್ಲ. ಮುಂಚೆ ಬಂದಿದ್ದೆಲ್ಲ ಕಾರಣ ಅಲ್ಲ ಅನ್ನುವುದು ಹೀಗೆ ಆಟದಲ್ಲೇ ತಲೆಗೆ ಹೋಗುತ್ತದೆ. ಚಿತ್ರದ ಕಾರ್ಡುಗಳನ್ನು ಸಾಲಾಗಿ ಜೋಡಿಸುವ ಆಟದಿಂದ ಇದು ಬರುವುದಿಲ್ಲ. ಎದ್ದಳು, ಹಲ್ಲುಜ್ಜಿದಳು, ಶಾಲೆಗೆ ಹೋದಳು. ಸಾಲು ಸರಿ. ಹಲ್ಲುಜ್ಜಿದ್ದಕ್ಕೇ ಶಾಲೆಗೆ ಹೋದಳೇ?

ಈ ಎಳೆಗಳು ಸಿಕ್ಕರೆ ಕಥೆಯೂ ಚೆನ್ನಾಗಿ ನೆನಪಿರುತ್ತದೆ. ಉಳಿದ ಘಟನೆಗಳ ಜೊತೆ ಜಾಸ್ತಿ ಕೊಂಡಿ ಇರುವ ಘಟನೆಯೇ ಕೇಳಿದವರ ಮನಸ್ಸಿನಲ್ಲಿ ಹೆಚ್ಚು ಉಳಿಯುತ್ತದೆ ಅಂತ ಟಾಮ್ ಟ್ರಬಾಸೊ ಮತ್ತು ಪಾಲ್ ವಾನ್ ಡೆನ್ ಬ್ರೂಕ್ ಎಂಬ ಮನಶ್ಶಾಸ್ತ್ರಜ್ಞರು 1985ರಲ್ಲಿ ತೋರಿಸಿದ್ದರು.

ಒಂದು ವಿಷಯಕ್ಕೆ ಮಾತ್ರ ನಿನ್ನ ಜೊತೆ ಜಗಳವಾಡುತ್ತೇನೆ. ಕಥೆ ಮುಗಿದ ಕೂಡಲೇ ನೀತಿ ಹೇಳುವ ಅಭ್ಯಾಸ ನಿನಗಿದೆ. "ಜಾಸ್ತಿ ಮಾತಾಡಬಾರದು" ಅಂತ ನೀನು ಅಂದೆಯೋ, ಅವಳು ಹುಡುಕುವುದನ್ನು ನಿಲ್ಲಿಸುತ್ತಾಳೆ. ಮುಂದೆ ಏನು ಕೇಳಿದರೂ ಅದೇ ಉತ್ತರ, ಅಪ್ಪನಿಗೆ ಬೇಕಾದ ಉತ್ತರ. ಬತ್ತಿದ ಕೆರೆ, ನಕ್ಕ ಜನ, ಎಲ್ಲ ಮಾಯ. ತಪ್ಪು ಪೂರಾ ಆಮೆಯದೇ ಆಗಿಬಿಡುತ್ತದೆ. ಪಾಪ, ಅದೂ ಅನ್ಯಾಯ ಅಲ್ವಾ?

ಮೊದಲ ಸಲ ಹೇಳುವಾಗ ಏನೂ ಕೇಳಬೇಡ, ಅವಳು ಸುಮ್ಮನೆ ಕೇಳಿಸಿಕೊಳ್ಳಲಿ. ಮತ್ತೆ ಹೇಳು ಅಂತ ಅವಳೇ ಪೀಡಿಸಿದಾಗ ಎರಡು ಮೂರು ಪ್ರಶ್ನೆ ಸಾಕು. ಅವಳು ಕೊಟ್ಟ ಉತ್ತರಗಳನ್ನು ತಿದ್ದದೆ ಬರೆದು ಕಳಿಸು. ತಲೆಕೆಳಗಾದ ಉತ್ತರ ಬಂದರೆ ಅದನ್ನಂತೂ ಮರೆಯಬೇಡ.

ನಿನ್ನ ಗೆಳೆಯ