ಗೊತ್ತಾಗಿಲ್ಲ

ಪ್ರೀತಿಯ ಗೆಳೆಯಾ,

ಹೋದ ವಾರ ಫೋನಿನಲ್ಲಿ ನಿನಗೆ ಕೊಟ್ಟ ಉತ್ತರ ಸರಿ ಇರಲಿಲ್ಲ. ಹತ್ತರವರೆಗೆ ಕನ್ನಡದಲ್ಲಿ ಓದಿ ಪ್ಲಸ್ ವನ್‌ಗೆ ಬಂದ ಮಕ್ಕಳಿಗೆ ಹೈಸೆನ್‌ಬರ್ಗ್‌ನ ತತ್ವವನ್ನು ಹೇಗೆ ಹೇಳಲಿ ಅಂತ ನೀನು ಕೇಳಿದ್ದೆ. ಒಂದು ಕಣದ ಜಾಗ ಮತ್ತು ವೇಗ ಎರಡೂ ಒಟ್ಟಿಗೆ ನಿಖರವಾಗಿರುವುದಿಲ್ಲ ಅನ್ನುವ ತತ್ವ ಅದು. 'ಅನಿಶ್ಚಿತತೆ ಅಂತ ಹೇಳು, ಸಾಕು. ಇದಕ್ಕೆಲ್ಲ ಕನ್ನಡದಲ್ಲಿ ಸರಿಯಾದ ಮಾತು ಸಿಗುವುದಿಲ್ಲ' ಅಂದುಬಿಟ್ಟೆ. ಇಷ್ಟು ವರ್ಷ ಕ್ವಾಂಟಮ್ ಭೌತಶಾಸ್ತ್ರದಲ್ಲೇ ಕೆಲಸ ಮಾಡಿದ ನಾನು ಹಾಗೆ ಹೇಳಬಾರದಿತ್ತು.

ರಜೆಗೆ ನಮ್ಮ ಕಾಸರಗೋಡಿನ ಬದಿಯಡ್ಕಕ್ಕೆ ಬಂದಿದ್ದೇನೆ. ನಿನ್ನೆ ಜಗಲಿಯಲ್ಲಿ ಅಮ್ಮ ಹಪ್ಪಳಕ್ಕೆ ಹಲಸಿನಕಾಯಿ ಕೊಯ್ಯುತ್ತಿದ್ದರು. ನಾನು ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಸೊಳೆ ಬಿಡಿಸುತ್ತಿದ್ದೆ. ಎಷ್ಟು ಎಣ್ಣೆ ಹಚ್ಚಿದರೂ ಮೇಣ ಬೆರಳ ಸಂದಿಗೆ ಅಂಟಿಯೇ ಅಂಟುತ್ತದೆ, ಅಲ್ವಾ? ಅಷ್ಟರಲ್ಲಿ ಆಚೆಮನೆಯವರು ಬಂದು, 'ಮೊಮ್ಮಗಳ ಮದುವೆ ಗೊತ್ತಾಯಿತಾ?' ಅಂತ ಕೇಳಿದರು. 'ಇಲ್ಲ, ಇನ್ನೂ ಗೊತ್ತಾಗಲಿಲ್ಲ' ಅಂದರು ಅಮ್ಮ.

ನನ್ನ ಕೈ ಅಲ್ಲೇ ನಿಂತಿತು. ಮದುವೆಯ ದಿನ ಯಾವುದೋ ಇದೆ, ಅಮ್ಮನಿಗೆ ಮಾತ್ರ ತಿಳಿದಿಲ್ಲ ಅಂತ ಇದರ ಅರ್ಥವಲ್ಲ. ದಿನವೇ ಇನ್ನೂ ಆಗಿಲ್ಲ. ನಮ್ಮ 'ಗೊತ್ತು' ಅನ್ನುವ ಒಂದೇ ಮಾತಿನಲ್ಲಿ ತಿಳಿಯುವುದೂ ಇದೆ, ನಿಗದಿಯಾಗುವುದೂ ಇದೆ. ಮಲಯಾಳದಲ್ಲೂ ನೋಡು, 'ನಿಶ್ಚಯಂ ಇಲ್ಲ' ಅಂದರೆ ಗೊತ್ತಿಲ್ಲ; ಬರೀ 'ನಿಶ್ಚಯಂ' ಅಂದರೆ ಮದುವೆ ನಿಶ್ಚಯ. ದಿನಾ ಎರಡೂ ಭಾಷೆ ಕೇಳುತ್ತಾ ಬೆಳೆದವರು ನಾವು. ಇದು ಇಷ್ಟು ದಿನ ನನ್ನ ಕಿವಿಗೆ ಬೀಳಲೇ ಇಲ್ಲ.

ಹೈಸೆನ್‌ಬರ್ಗ್ ಕೂಡ 1927ರ ತನ್ನ ಜರ್ಮನ್ ಲೇಖನದಲ್ಲಿ ಒಂದೇ ಪದಕ್ಕೆ ಅಂಟಿಕೊಳ್ಳಲಿಲ್ಲ. ಅಳತೆ ನಿಖರವಾಗಿಲ್ಲ ಅನ್ನುವ ಪದವನ್ನೂ ಬಳಸಿದ, 'ಉನ್‌ಬೆಶ್ಟಿಮ್ಟ್‌ಹೈಟ್', ಅಂದರೆ ನಿಗದಿಯಾಗಿಲ್ಲದಿರುವಿಕೆ, ಅನ್ನುವುದನ್ನೂ ಬಳಸಿದ. ಇಂಗ್ಲಿಷಿನಲ್ಲಿ ಮಾತ್ರ 'ಅನ್‌ಸರ್ಟನ್ಟಿ'ಯೇ ಗಟ್ಟಿಯಾಯಿತು. ಅದನ್ನು ಕೇಳಿದ ಮಕ್ಕಳು ಏನು ಅಂದುಕೊಳ್ಳುತ್ತಾರೆ? ಇಲೆಕ್ಟ್ರಾನ್ ಎಲ್ಲೋ ಒಂದು ಕಡೆ ಇದ್ದೇ ಇದೆ, ನಮ್ಮ ಉಪಕರಣ ಸಾಲದು ಅಂತ. ನಾನೂ ಬಿ.ಎಸ್‌ಸಿ. ಮುಗಿಯುವವರೆಗೆ ಹಾಗೆಯೇ ಅಂದುಕೊಂಡಿದ್ದೆ.

1989ರಲ್ಲಿ ಜಪಾನಿನ ತೊನೊಮುರಾ ಮತ್ತು ಜೊತೆಗಾರರು ಇಲೆಕ್ಟ್ರಾನ್‌ಗಳನ್ನು ಒಂದೊಂದಾಗಿ ಬಿಟ್ಟು ನೋಡಿದರು. ಪರದೆಗೆ ಹೋಗಲು ಎರಡು ದಾರಿ ಇತ್ತು. ಪರದೆಯ ಮೇಲೆ ಬಿದ್ದದ್ದು ಒಂದೊಂದೇ ಚುಕ್ಕಿ, ಮೊದಮೊದಲು ಸಾಸಿವೆ ಚೆಲ್ಲಿದ ಹಾಗೆ. ಸಾವಿರಾರು ಚುಕ್ಕಿ ಸೇರಿದಾಗ ಅಲೆಗಳು ಕೂಡಿದರೆ ಮೂಡುವಂಥ ಪಟ್ಟೆಗಳು ಕಂಡವು. ಈ ಚುಕ್ಕಿ ಯಾವ ದಾರಿಯಲ್ಲಿ ಬಂತು ಅಂತ ಕೇಳಿದರೆ ನಾನು ಈಗ ಅಮ್ಮನ ಮಾತನ್ನೇ ಹೇಳುತ್ತೇನೆ: ಗೊತ್ತಾಗಿರಲಿಲ್ಲ.

ಐನ್‌ಸ್ಟೈನ್ ಇದನ್ನು ಒಪ್ಪಲಿಲ್ಲ. ದಿನ ಮೊದಲೇ ಚೀಟಿಯಲ್ಲಿ ಬರೆದಿಟ್ಟಿದೆ, ನಾವು ಬಿಡಿಸಿ ನೋಡಿಲ್ಲ ಅಷ್ಟೇ ಅನ್ನುವ ಹಾಗಿತ್ತು ಅವನ ನಂಬಿಕೆ. ಚೀಟಿ ಇದೆಯೋ ಇಲ್ಲವೋ ಅಂತ ಪರೀಕ್ಷಿಸುವ ದಾರಿಯನ್ನು 1964ರಲ್ಲಿ ಭೌತವಿಜ್ಞಾನಿ ಜಾನ್ ಬೆಲ್ ತೋರಿಸಿದ. ಕ್ಲಾಸರ್, ಆಸ್ಪೆ, ಝೈಲಿಂಗರ್ ಪ್ರಯೋಗ ಮಾಡಿದರು. ಅದಕ್ಕೆ 2022ರಲ್ಲಿ ನೊಬೆಲ್ ಬಂತು. ಜೋಡಿಯಾಗಿ ಹೊರಟು ದೂರ ದೂರವಾದ ಎರಡು ಕಣಗಳು ತಮ್ಮ ತಮ್ಮ ಚೀಟಿ ಇಟ್ಟುಕೊಂಡು ಬಂದಿವೆ ಅಂದರೆ ಆ ಪ್ರಯೋಗಗಳ ಲೆಕ್ಕ ಕೂಡುವುದಿಲ್ಲ. ಚೀಟಿ ಬೇಕೇ ಬೇಕು ಅನ್ನುವವರು, ದೂರವಿದ್ದರೂ ಒಂದರ ಪರಿಣಾಮ ಇನ್ನೊಂದಕ್ಕೆ ತಕ್ಷಣ ತಟ್ಟುತ್ತದೆ ಅಂತ ಒಪ್ಪಬೇಕಾಗುತ್ತದೆ. ಹಾಗೆ ಒಪ್ಪುವ ಭೌತವಿಜ್ಞಾನಿಗಳೂ ಇದ್ದಾರೆ. ನನಗೆ ಅದಕ್ಕಿಂತ 'ಗೊತ್ತಾಗಿಲ್ಲ' ಅನ್ನುವುದೇ ಸರಿ ಅನ್ನಿಸುತ್ತದೆ.

ಪರೀಕ್ಷೆಗೆ ಬೇಕಾದ ಪದ ಹೇಗೂ ಅವರ ಪುಸ್ತಕದಲ್ಲಿದೆ. ಅದಕ್ಕೆ ಮೊದಲು ಮದುವೆ ಮಾತುಕತೆಯಿಂದ ಶುರು ಮಾಡಿ ನೋಡು. ಆಮೇಲೆ ಲೆಕ್ಕ ಕೊಡು: ಇಲೆಕ್ಟ್ರಾನನ್ನು 0.1 ನ್ಯಾನೋಮೀಟರ್, ಅಂದರೆ ಸುಮಾರು ಒಂದು ಪರಮಾಣುವಿನಷ್ಟು ಜಾಗಕ್ಕೆ ಕಟ್ಟಿಹಾಕಿದರೆ ಅದರ ವೇಗದ ಹರವು ಸೆಕೆಂಡಿಗೆ 500 ಕಿಲೋಮೀಟರಿಗಿಂತ ಜಾಸ್ತಿ.

ಮಕ್ಕಳು ಏನು ಕೇಳಿದರು ಅಂತ ಬರೆ. ನನಗೆ ಉತ್ತರ ಬಾರದ ಪ್ರಶ್ನೆ ಇದ್ದರೆ ಅದನ್ನೇ ಮೊದಲು ಬರೆ. ಹಪ್ಪಳ ಒಣಗಲು ಇನ್ನೆರಡು ಬಿಸಿಲು ಬೇಕಂತೆ. ಆದ ಮೇಲೆ ಒಂದು ಕಟ್ಟು ನಿನ್ನ ಮನೆಗೆ ಕೊಡಬೇಕು ಅಂತ ಅಮ್ಮ ಹೇಳಿದ್ದಾರೆ.

ನಿನ್ನ ಗೆಳೆಯ