ಸಹಿ ಇದೆ, ನೋಡಿದವರಿಲ್ಲ: ವೈದ್ಯಕೀಯ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ,

ನಮಸ್ಕಾರ ಸರ್. ನಾನು ಬೆಂಗಳೂರಿನ ಒಂದು ಬೋಧನಾ ಆಸ್ಪತ್ರೆಯಲ್ಲಿ 31 ವರ್ಷ ನರ್ಸ್ ಆಗಿದ್ದವಳು. ಮೆಡಿಸಿನ್ ವಾರ್ಡ್, ಸರ್ಜರಿ ವಾರ್ಡ್, ಕ್ಯಾಶುಯಲ್ಟಿ, ಎಲ್ಲ ಕಡೆ ದುಡಿದಿದ್ದೇನೆ. ಕೊನೆಯ ನಾಲ್ಕು ವರ್ಷ ಕಾಲೇಜಿನ ಸ್ಕಿಲ್ ಲ್ಯಾಬ್‌ನಲ್ಲಿದ್ದೆ. ಎಂಬಿಬಿಎಸ್ ಓದುವ ಮಕ್ಕಳಿಗೆ ಇಂಜೆಕ್ಷನ್, ಡ್ರಿಪ್, ಕ್ಯಾತಿಟರ್ (ಮೂತ್ರ ಹೊರತರುವ ನಳಿಕೆ) ಹಾಕುವುದನ್ನು ಗೊಂಬೆಗಳ ಮೇಲೆ ಹೇಳಿಕೊಡುವ ಕೆಲಸ. ಈಗ ನಿವೃತ್ತಳಾಗಿ ಮನೆಯಲ್ಲಿದ್ದೇನೆ. ಕೆಲವು ವಿಷಯ ಮನಸ್ಸಿನಿಂದ ಹೋಗುವುದಿಲ್ಲ. ಅದಕ್ಕೇ ಈ ಪತ್ರ.

ಒಂದು ರಾತ್ರಿ ಮಾಗಡಿ ಕಡೆಯ ಒಬ್ಬ ಅಜ್ಜನನ್ನು ಕರೆತಂದರು. ಬೆಳಿಗ್ಗೆಯಿಂದ ಮೂತ್ರ ಹೋಗಿಲ್ಲ. ಹೊಟ್ಟೆ ಕಲ್ಲಿನ ಹಾಗೆ ಆಗಿತ್ತು. "ನೀರು ಬತ್ತಾ ಇಲ್ಲ ಕಣವ್ವ, ಒಡೆದೋಗ್ತದೆ" ಎಂದು ನನ್ನ ಕೈ ಹಿಡಿದುಕೊಂಡರು. ಡ್ಯೂಟಿಯಲ್ಲಿದ್ದವನು ಒಬ್ಬ ಹೌಸ್ ಸರ್ಜನ್, ಅಂದರೆ ಎಂಬಿಬಿಎಸ್ ಪರೀಕ್ಷೆ ಮುಗಿಸಿ ಆಸ್ಪತ್ರೆಯಲ್ಲಿ ತರಬೇತಿ ಪಡೆಯುತ್ತಿದ್ದವನು. ಒಳ್ಳೆಯ ಹುಡುಗ, ಓದಿನಲ್ಲಿ ಮುಂದಿದ್ದವನು. ಪಿಜಿ (ಸ್ನಾತಕೋತ್ತರ) ಡಾಕ್ಟರ್ ಆಪರೇಷನ್ ಥಿಯೇಟರ್‌ನಲ್ಲಿದ್ದರು. ನಾನು ಪಕ್ಕದ ಬೆಡ್‌ನಲ್ಲಿ ರಕ್ತ ಏರಿಸುತ್ತಿದ್ದೆ. ಹುಡುಗ ಕ್ಯಾತಿಟರ್ ಹಾಕಿದ. ತುದಿ ಮೂತ್ರಕೋಶ ತಲುಪಿದ ಮೇಲೆ ಅದರ ಬಲೂನ್‌ಗೆ ನೀರು ತುಂಬಬೇಕು. ತಲುಪಿದೆ ಎಂದು ಗೊತ್ತಾಗುವುದು ಮೂತ್ರ ಬಂದಾಗ. ಅವನು ಮೂತ್ರ ಬರುವುದನ್ನು ಕಾಯಲಿಲ್ಲ. ದಾರಿಯ ನಡುವೆಯೇ ಬಲೂನ್ ತುಂಬಿಬಿಟ್ಟ. ಅಜ್ಜ ಕೂಗಿಕೊಂಡ ದನಿ ಇಡೀ ವಾರ್ಡ್‌ಗೆ ಕೇಳಿತು. ಹಾಸಿಗೆಯ ಮೇಲೆ ರಕ್ತ. ನಾನು ಓಡಿಹೋಗಿ ಬಲೂನ್‌ನ ನೀರು ತೆಗೆದೆ. ಆಮೇಲೆ ಯೂರಾಲಜಿಯವರು ಬಂದು ಕಿಬ್ಬೊಟ್ಟೆಯ ಮೇಲಿಂದ ನಳಿಕೆ ಇಡಬೇಕಾಯಿತು.

ಬೆಳಗಿನ ಜಾವ ಆ ಹುಡುಗ ಲಿನನ್ ರೂಮಿನಲ್ಲಿ ಕೂತು ಅಳುತ್ತಿದ್ದ. "ಸಿಸ್ಟರ್, ಲ್ಯಾಬ್‌ನಲ್ಲಿ ಹೀಗೇ ಮಾಡಿದ್ದೆ" ಎಂದ. ಅವನು ಸುಳ್ಳು ಹೇಳಿರಲಿಲ್ಲ. ಲ್ಯಾಬ್‌ನ ಗೊಂಬೆಯ ಮೂತ್ರಕೋಶಕ್ಕೆ ನೀರು ತುಂಬುತ್ತಿರಲಿಲ್ಲ. ತುಂಬಿದರೆ ಆಮೇಲೆ ಒರೆಸುವ ಕೆಲಸ. ಒಣ ಗೊಂಬೆಯ ಮೇಲೆ ಕಲಿತವನಿಗೆ ಕಾಯುವ ಅಭ್ಯಾಸ ಎಲ್ಲಿಂದ ಬರಬೇಕು? ಮೇಲಿನವರು ಅವನನ್ನು ಬೈದು ವಿಷಯ ಮುಗಿಸಿದರು. ಆದರೆ ಕಲಿತ ಕೆಲಸಗಳನ್ನು ದಾಖಲಿಸುವ ಅವನ ಲಾಗ್‌ಬುಕ್‌ನಲ್ಲಿ ಕ್ಯಾತಿಟರ್ ಮುಂದೆ 'ಪೂರ್ಣ' ಎಂದು ಬರೆದು ಒಬ್ಬರು ಸಹಿ ಹಾಕಿದ್ದರು. ಅವನು ಮಾಡುವುದನ್ನು ನೋಡಿದವರು ಮಾತ್ರ ಯಾರೂ ಇರಲಿಲ್ಲ. ಮುಂದೆ ನಾನು ಆ ಲ್ಯಾಬ್‌ಗೆ ಹೋದಾಗ ಮೊದಲ ದಿನ ಮಾಡಿದ ಕೆಲಸ ಗೊಂಬೆಗೆ ನೀರು ತುಂಬಿದ್ದು.

ಸರ್, ನಾನು ಹೇಳಬೇಕಾದ ಮಾತು ಇಷ್ಟೇ. ನಮ್ಮ ಮಕ್ಕಳು ರೋಗಿಯನ್ನು ಮುಟ್ಟಿ ನೋಡುವಾಗ, ಮಾತಾಡಿಸುವಾಗ, ಕೈಯಾರೆ ಏನಾದರೂ ಮಾಡುವಾಗ, ತಿಳಿದವರೊಬ್ಬರು ಪಕ್ಕದಲ್ಲಿ ನಿಂತು ನೋಡಬೇಕು. ನೋಡಿ, ಅಲ್ಲೇ ತಿದ್ದಬೇಕು.

ಇದು ಹೊಸ ನಿಯಮದಲ್ಲಿ ಇಲ್ಲವೆಂದಲ್ಲ. 2019ರ ಬ್ಯಾಚ್‌ನಿಂದ ಎಂಬಿಬಿಎಸ್‌ಗೆ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂದಿದೆ. ಯಾವ ಕೆಲಸವನ್ನು ವಿದ್ಯಾರ್ಥಿ ತಾನೇ ಮಾಡಬೇಕು, ಯಾವುದನ್ನು ಮಾಡಿ ತೋರಿಸಿದರೆ ಸಾಕು, ಯಾವುದನ್ನು ನೋಡಿದರೆ ಸಾಕು ಎಂದು ಅದರಲ್ಲಿ ಪಟ್ಟಿಯೇ ಇದೆ. ಲಾಗ್‌ಬುಕ್‌ನ ಮಾದರಿಯೂ ಚೆನ್ನಾಗಿದೆ. ಇದು ಮೊದಲ ಸಲವೋ, ಮತ್ತೆ ಮಾಡಿದ್ದೋ? ನಿರೀಕ್ಷೆಗಿಂತ ಕಡಿಮೆಯೋ, ಸರಿಯಾಗಿದೆಯೋ, ಜಾಸ್ತಿಯೋ? ಮುಗಿಯಿತೋ, ಮತ್ತೆ ಮಾಡಬೇಕೋ? ವಿದ್ಯಾರ್ಥಿಗೆ ತಿದ್ದಿ ಹೇಳಿದ್ದಾಯಿತೋ? ಇಷ್ಟಕ್ಕೂ ಒಂದೊಂದು ಕಾಲಂ. ಇದನ್ನು ಬರೆದವರು ವಾರ್ಡ್ ಕಂಡವರೇ ಇರಬೇಕು ಎಂದು ನನಗೆ ಅನ್ನಿಸಿತ್ತು.

ಆದರೆ ನಾನು ಕಂಡ ಲಾಗ್‌ಬುಕ್‌ಗಳಲ್ಲಿ ಪುಟದುದ್ದಕ್ಕೂ 'ಸರಿಯಾಗಿದೆ' ಎನ್ನುವ 'ಎಂ' ಅಕ್ಷರವೇ. ಒಂದೇ ಪೆನ್ನು, ಒಂದೇ ದಿನದ ಶಾಯಿ. ಪೋಸ್ಟಿಂಗ್‌ನ ಕೊನೆಯ ದಿನ ಮೂವತ್ತು, ನಲವತ್ತು ಪುಸ್ತಕ ಮೇಜಿನ ಮೇಲೆ ಬರುತ್ತಿದ್ದವು. ಊಟದ ಹೊತ್ತಿನೊಳಗೆ ಸಹಿ ಮುಗಿಯುತ್ತಿತ್ತು. ನಾನೂ ಕೆಲವಕ್ಕೆ ಮರುಕದಿಂದ ಹೂಂ ಎಂದಿದ್ದೇನೆ. ಪಾಪ, ಮುಂದೆ ಕಲಿತುಕೊಳ್ಳುತ್ತಾರೆ ಅಂತ. ಈಗ ನೆನೆಸಿಕೊಂಡರೆ ಅದು ಆ ಮಕ್ಕಳಿಗೆ ಮಾಡಿದ ಉಪಕಾರ ಅನ್ನಿಸುವುದಿಲ್ಲ.

ಫೈನಲ್ ಇಯರ್ ಪ್ರಾಕ್ಟಿಕಲ್ ಪರೀಕ್ಷೆ ಇದೆಯಲ್ಲ ಎಂದು ನೀವು ಕೇಳಬಹುದು. ಲಾಂಗ್ ಕೇಸ್‌ನಲ್ಲಿ ವಿದ್ಯಾರ್ಥಿಗೆ ಒಬ್ಬ ರೋಗಿಯನ್ನು ಕೊಡುತ್ತಾರೆ. ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಅವರಿಬ್ಬರೇ. ಆಮೇಲೆ ಪರೀಕ್ಷಕರು ಬಂದು ಏನು ಸಿಕ್ಕಿತು ಎಂದು ಕೇಳುತ್ತಾರೆ. ಆ ಒಂದು ಗಂಟೆಯಲ್ಲಿ ಆ ಹುಡುಗಿ ಕೈ ತೊಳೆದಳೇ? ಹೆಂಗಸು ರೋಗಿಯ ಮೈ ಮುಚ್ಚಿದಳೇ? ನೋವಿರುವ ಜಾಗವನ್ನು ಕೊನೆಗೆ ಮುಟ್ಟಿದಳೇ? ಪರೀಕ್ಷಕರಿಗೆ ಗೊತ್ತಾಗುವುದಿಲ್ಲ. ಪರೀಕ್ಷೆಗೆ ಕರೆಸುವ ರೋಗಿಗಳಲ್ಲಿ ಕೆಲವರು ಪ್ರತಿ ವರ್ಷ ಬರುವವರು. ತಮ್ಮ ಕಾಯಿಲೆಯ ಇಂಗ್ಲಿಷ್ ಹೆಸರು ಅವರಿಗೇ ಬಾಯಿಪಾಠ. ಹೆದರಿ ನಿಂತ ಮಕ್ಕಳನ್ನು ಕಂಡು ಕರುಣೆಯಿಂದ ಹೇಳಿಯೂ ಬಿಡುತ್ತಾರೆ.

ಜಾರ್ಜ್ ಮಿಲ್ಲರ್ ಎನ್ನುವ ಅಮೆರಿಕದ ಶಿಕ್ಷಣ ತಜ್ಞರು 1990ರಲ್ಲಿ ಇದನ್ನು ನಾಲ್ಕು ಮೆಟ್ಟಿಲಾಗಿ ವಿವರಿಸಿದರು. ಗೊತ್ತಿರುವುದು, ಹೇಗೆಂದು ಗೊತ್ತಿರುವುದು, ಮಾಡಿ ತೋರಿಸುವುದು, ದಿನನಿತ್ಯ ನಿಜವಾಗಿ ಮಾಡುವುದು. ಬರೆಯುವ ಪರೀಕ್ಷೆ ಮೊದಲ ಎರಡನ್ನು ಅಳೆಯುತ್ತದೆ. ಮೂರನೆಯದಕ್ಕೆ ಸ್ಕಾಟ್ಲೆಂಡ್‌ನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಅವರು 1975ರಲ್ಲಿ ಪ್ರಕಟಿಸಿದ ಓಸ್ಕಿ ಪರೀಕ್ಷೆ ಇದೆ. ಸಾಲಾಗಿ ಮೇಜುಗಳು, ಪ್ರತಿಯೊಂದರಲ್ಲಿ ಐದೋ ಹತ್ತೋ ನಿಮಿಷದ ಒಂದು ಕೆಲಸ, ಎಲ್ಲರಿಗೂ ಒಂದೇ ಅಳತೆಪಟ್ಟಿ. ನಾನೂ ಅಂಥ ಮೇಜಿನ ಹಿಂದೆ ಕೂತಿದ್ದೇನೆ. ನ್ಯಾಯವಾದ ಪದ್ಧತಿ ಅದು. ಆದರೆ ಗಂಟೆ ಬಾರಿಸಿದಾಗ ಮುಂದಿನ ಮೇಜಿಗೆ ಓಡುವುದೇ ಬೇರೆ, ರಾತ್ರಿ ಎರಡು ಗಂಟೆಗೆ ನರಳುವ ಅಜ್ಜನ ಮುಂದೆ ನಿಲ್ಲುವುದೇ ಬೇರೆ. ನಾಲ್ಕನೆಯ ಮೆಟ್ಟಿಲನ್ನು ವಾರ್ಡ್‌ನಲ್ಲೇ ನೋಡಬೇಕು.

ನಮ್ಮ ಆಸ್ಪತ್ರೆಯಲ್ಲಿ ಒಬ್ಬ ಹಿರಿಯ ಪ್ರೊಫೆಸರ್ ಇದ್ದರು. ರೌಂಡ್ಸ್ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿಯನ್ನು ಕರೆದು "ಈ ಅಮ್ಮನ ಹೊಟ್ಟೆ ನೋಡು" ಎನ್ನುತ್ತಿದ್ದರು. ತಾವು ಹಾಸಿಗೆಯ ಕಾಲ ಕಡೆ ಕೈಕಟ್ಟಿ ನಿಲ್ಲುತ್ತಿದ್ದರು. ಹತ್ತು ನಿಮಿಷ ಮಾತಿಲ್ಲ. ಆಮೇಲೆ ವಿದ್ಯಾರ್ಥಿಯನ್ನೇ ಕೇಳುವುದು: ಏನು ಸರಿ ಮಾಡಿದೆ, ಏನು ಬಿಟ್ಟೆ? ಕೊನೆಗೆ ತಾವು ಒಂದೋ ಎರಡೋ ಮಾತು. ಒಂದು ದಿನ ಒಬ್ಬ ಹುಡುಗನಿಗೆ ಹೇಳಿದ್ದು ನನಗೆ ಇನ್ನೂ ನೆನಪಿದೆ. "ಕೈ ಹೊಟ್ಟೆ ಮೇಲಿರಲಿ, ಕಣ್ಣು ಮುಖದ ಮೇಲಿರಲಿ. ನೋವು ಮೊದಲು ಮುಖದಲ್ಲಿ ಕಾಣುತ್ತೆ." ಆ ಹುಡುಗ ಮುಂದೆ ಅದೇ ವಾರ್ಡ್‌ಗೆ ಪಿಜಿಯಾಗಿ ಬಂದ. ತನ್ನ ಜೂನಿಯರ್‌ಗಳಿಗೆ ಅದೇ ಮಾತನ್ನು ಹೇಳುವುದನ್ನು ನಾನು ಕೇಳಿದ್ದೇನೆ.

ಹೀಗೆ ಪಕ್ಕದಲ್ಲಿ ನಿಂತು ನೋಡಿ ತಿದ್ದುವ ಕೆಲಸಕ್ಕೆ ಮಿನಿ-ಸಿಇಎಕ್ಸ್ (Mini-CEX) ಎನ್ನುವ ಹೆಸರಿದೆ ಎಂದು ನನಗೆ ಗೊತ್ತಾಗಿದ್ದು ಲ್ಯಾಬ್‌ಗೆ ಹೋದ ಮೇಲೆ. ಅಮೆರಿಕದ ಜಾನ್ ನಾರ್ಸಿನಿ ಮತ್ತು ಅವರ ಜೊತೆಗಾರರು 1995ರಲ್ಲಿ ಅದರ ಬಗ್ಗೆ ಬರೆದರು. ನಿಜವಾದ ರೋಗಿ, ನಿಜವಾದ ವಾರ್ಡ್, ಹದಿನೈದು ಇಪ್ಪತ್ತು ನಿಮಿಷ, ಕೊನೆಗೆ ತಿದ್ದುವ ಮಾತು. ಒಂದೇ ಸಲ ನೋಡಿದರೆ ಸಾಲದು. ಹೊಟ್ಟೆ ಚೆನ್ನಾಗಿ ನೋಡುವವನು ಉಬ್ಬಸದ ರೋಗಿಯ ಮುಂದೆ ತಡವರಿಸಬಹುದು. ಬೇರೆ ಬೇರೆ ರೋಗಿ, ಬೇರೆ ಬೇರೆ ಗುರುಗಳು ಬೇಕು.

ಗುರುಗಳಿಗೆ ಪುರುಸೊತ್ತಿಲ್ಲ ಎನ್ನುವುದು ಮೊದಲ ಉತ್ತರ. ಅದು ಸುಳ್ಳಲ್ಲ. ಬೆಳಿಗ್ಗೆ ಒಪಿಡಿಯ ಸಾಲು ಗೇಟ್‌ವರೆಗೆ ಇರುತ್ತದೆ. ಆದರೂ ಒಂದು ಲೆಕ್ಕ ಹಾಕಿದೆ. ಒಂದು ಬ್ಯಾಚ್‌ನಲ್ಲಿ 150 ವಿದ್ಯಾರ್ಥಿಗಳು. ಒಬ್ಬೊಬ್ಬರನ್ನು ವರ್ಷಕ್ಕೆ 6 ಸಲ, ಸಲಕ್ಕೆ 20 ನಿಮಿಷ ನೋಡಿದರೆ ಒಟ್ಟು 300 ಗಂಟೆ. 30 ಜನ ಗುರುಗಳು ಹಂಚಿಕೊಂಡರೆ ಒಬ್ಬರಿಗೆ ವರ್ಷಕ್ಕೆ 10 ಗಂಟೆ. ತಿಂಗಳಿಗೆ ಒಂದು ಗಂಟೆಯೂ ಇಲ್ಲ. ಆ ಗಂಟೆಯನ್ನು ಡ್ಯೂಟಿ ಪಟ್ಟಿಯಲ್ಲಿ ಬರೆದು ಕೊಡಬೇಕು, ಅಷ್ಟೇ. ಬಿಡುವಾದಾಗ ಮಾಡಿ ಎಂದರೆ ಬಿಡುವು ಆಗುವುದೇ ಇಲ್ಲ.

ಇನ್ನೊಂದು ಮಾತು. ದಯವಿಟ್ಟು ಇದಕ್ಕೆ ಅಂಕ ಸೇರಿಸಬೇಡಿ. ಅಂಕ ಬಂದ ತಕ್ಷಣ ಮಕ್ಕಳು ಗೊತ್ತಿಲ್ಲದ್ದನ್ನು ಮುಚ್ಚಿಡುತ್ತಾರೆ, ಗುರುಗಳು ಎಲ್ಲರಿಗೂ ಒಂದೇ ಅಂಕ ಹಾಕುತ್ತಾರೆ. "ಮೇಡಂ, ನನಗೆ ಇದು ಬರಲ್ಲ, ಹೇಳಿಕೊಡಿ" ಎಂದು ಹೆದರದೆ ಹೇಳುವ ಜಾಗ ಒಂದಾದರೂ ಇರಲಿ. ಪರೀಕ್ಷೆಗೆ ಪರೀಕ್ಷೆ ಇದ್ದೇ ಇದೆ.

ವಾರ್ಡ್‌ನಲ್ಲಿ ಇಪ್ಪತ್ತನಾಲ್ಕು ಗಂಟೆ ಇರುವವರು ನಾವು ನರ್ಸ್‌ಗಳು. ಯಾವ ಹೌಸ್ ಸರ್ಜನ್ ಕರೆದ ತಕ್ಷಣ ಬರುತ್ತಾನೆ, ಯಾರು ಔಷಧದ ಅಲರ್ಜಿ ಕೇಳದೆ ಇಂಜೆಕ್ಷನ್ ಬರೆಯುತ್ತಾರೆ, ಯಾರು ಸತ್ತವರ ಮನೆಯವರ ಹತ್ತಿರ ಕೂತು ಮಾತಾಡುತ್ತಾರೆ, ನಮಗೆ ಗೊತ್ತು. ಇಷ್ಟು ವರ್ಷದಲ್ಲಿ ಒಬ್ಬ ಹೌಸ್ ಸರ್ಜನ್ ಬಗ್ಗೆಯೂ ನನ್ನನ್ನು ಯಾರೂ ಬರಹದಲ್ಲಿ ಕೇಳಲಿಲ್ಲ. ರೋಗಿಯನ್ನಂತೂ ಕೇಳುವುದೇ ಇಲ್ಲ.

ರೋಗಿಯ ಮಾತು ಬಂದ ಮೇಲೆ ಕನ್ನಡದ ಮಾತು ಹೇಳಲೇಬೇಕು. ದೇಶದ ಎಲ್ಲ ಕಡೆಯಿಂದ ಮಕ್ಕಳು ಇಲ್ಲಿಗೆ ಓದಲು ಬರುತ್ತಾರೆ. ಬರಲಿ, ಸಂತೋಷ. ಆದರೆ ಹಾಸಿಗೆಯ ಮೇಲಿರುವವರು ಕನಕಪುರ, ಹೊಸಕೋಟೆ, ನೆಲಮಂಗಲದವರು. ಒಬ್ಬ ಹೆಂಗಸು "ಬಿಳಿ ಸೆರಗು ಹೋಗ್ತದೆ" ಎಂದಾಗ ಅದು ಯೋನಿಯಿಂದ ಬಿಳಿ ದ್ರವ ಹೋಗುವ ತೊಂದರೆ ಎಂದು ತಿಳಿಯದೆ ಒಬ್ಬ ವಿದ್ಯಾರ್ಥಿನಿ ಸೀರೆಯ ಸೆರಗು ಎಂದುಕೊಂಡು ಮುಂದಿನ ಪ್ರಶ್ನೆಗೆ ಹೋದಳು. "ಹೊರಗಾಗಿದ್ದೀನಿ" ಎಂದರೆ ಮುಟ್ಟಾಗಿದ್ದಾಳೆ ಎಂದು ತಿಳಿಯದೆ ಯಾವ ಊರು ಎಂದು ಕೇಳಿದವರಿದ್ದಾರೆ. ಬೆಂಗಳೂರಿನ ಹುಟ್ಟು ಮಕ್ಕಳಿಗೂ ಈ ಮಾತು ತಿಳಿಯದು. "ಸಂಕಟ ಆಗ್ತದೆ" ಎನ್ನುವುದು ಹೊಟ್ಟೆ ತೊಳೆಸುವುದೋ, ಎದೆಯ ತೊಂದರೆಯೋ ಎಂದು ಕೆದಕಿ ಕೇಳದಿದ್ದರೆ ಪ್ರಾಣವೇ ಹೋಗಬಹುದು. ಮೊದಲ ವರ್ಷದ ಫೌಂಡೇಷನ್ ಕೋರ್ಸ್‌ನಲ್ಲಿ ಸ್ಥಳೀಯ ಭಾಷೆ ಕಲಿಸಬೇಕೆಂದಿದೆ. ಕಲಿತದ್ದು ವಾರ್ಡ್‌ನಲ್ಲಿ ಉಳಿದಿದೆಯೇ ಎಂದು ಆಮೇಲೆ ನೋಡುವವರಿಲ್ಲ. ರೋಗಿಯ ಮಾತು ಅರ್ಥ ಮಾಡಿಕೊಳ್ಳುವುದು ಸ್ಟೆತಸ್ಕೋಪ್ ಹಿಡಿಯುವಷ್ಟೇ ಮುಖ್ಯವಾದ ವೈದ್ಯಕೀಯ ಕೆಲಸ ಅಲ್ವಾ ಸರ್?

ಹೌಸ್ ಸರ್ಜನ್ ಮಕ್ಕಳನ್ನು ದೂರಿ ಪ್ರಯೋಜನವಿಲ್ಲ. ಅವರ ತಲೆಯ ಮೇಲೆ ಪಿಜಿ ಪ್ರವೇಶ ಪರೀಕ್ಷೆ ಕೂತಿದೆ. 200 ಪ್ರಶ್ನೆ, ನಾಲ್ಕರಲ್ಲಿ ಒಂದು ಉತ್ತರ ಆರಿಸುವುದು. ಅಲ್ಲಿ ಕ್ಯಾತಿಟರ್ ಹಾಕಲು ಬರುತ್ತದೆಯೇ ಎಂದು ಯಾರೂ ನೋಡುವುದಿಲ್ಲ. ಹಾಗಾಗಿ ನೈಟ್ ಡ್ಯೂಟಿಯಲ್ಲಿ ಸ್ವಲ್ಪ ಬಿಡುವು ಸಿಕ್ಕರೂ ಮೊಬೈಲ್‌ನಲ್ಲಿ ಪ್ರಶ್ನೆ ಬಿಡಿಸುತ್ತಾರೆ. ಅದೇ ಮಕ್ಕಳಲ್ಲಿ ಎಷ್ಟೋ ಜನ ನಾಳೆ ಕಡ್ಡಾಯ ಸೇವೆಗೆಂದು ದೂರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುತ್ತಾರೆ. ಅಲ್ಲಿ ಓಡಿಬರಲು ಪಕ್ಕದ ಬೆಡ್‌ನಲ್ಲಿ ಸಿಸ್ಟರ್ ಇರುವುದಿಲ್ಲ. ಯೂರಾಲಜಿಯವರಂತೂ ಇಲ್ಲವೇ ಇಲ್ಲ.

ದೇಶದ ನಿಯಮ ದೆಹಲಿಯಲ್ಲಿ ಆಗುತ್ತದೆ, ನಿಜ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ ಬಂದಾಗಿನಿಂದ ನೆಕ್ಸ್ಟ್, ಅಂದರೆ ಎಂಬಿಬಿಎಸ್ ಮುಗಿಸುವವರಿಗೆಲ್ಲ ದೇಶಕ್ಕೊಂದೇ ಪರೀಕ್ಷೆಯ ಮಾತು ಕೇಳುತ್ತಲೇ ಇದ್ದೇವೆ. ಅದಕ್ಕೆ ಕಾಯಬೇಕಿಲ್ಲ. ಸರ್ಕಾರಿ ಕಾಲೇಜುಗಳು ನಿಮ್ಮ ಇಲಾಖೆಯವು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ನೀವು ಸಮಕುಲಾಧಿಪತಿ. ಮೊದಲು ಬೆಂಗಳೂರಿನ ಒಂದೇ ಒಂದು ಸರ್ಕಾರಿ ಕಾಲೇಜಿನ ಎರಡು ವಾರ್ಡ್‌ಗಳಲ್ಲಿ ಶುರು ಮಾಡಿಸಿ. ಪ್ರತಿ ಹೌಸ್ ಸರ್ಜನ್ ತಾನೊಬ್ಬನೇ ಕ್ಯಾತಿಟರ್, ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಇಳಿಸುವ ನಳಿಕೆ) ಹಾಕುವ ಮೊದಲು ಮೂರು ಸಲವಾದರೂ ಹಿರಿಯರ ಕಣ್ಣೆದುರು ಹಾಕಲಿ. ಆ ಸಲದ ಸಹಿ ಅದೇ ದಿನ, ಅದೇ ಹಾಸಿಗೆಯ ಪಕ್ಕದಲ್ಲಿ ಬೀಳಲಿ. ಪೋಸ್ಟಿಂಗ್ ಮುಗಿದಾಗ ವಾರ್ಡ್ ಸಿಸ್ಟರ್ ಒಂದು ಪುಟ ಬರೆಯಲಿ. 'ಮತ್ತೆ ಮಾಡಬೇಕು' ಎಂದು ಬರೆದ ಗುರುಗಳ ಮೇಲೆ ಯಾರೂ ಒತ್ತಡ ತರದ ಹಾಗೆ ನೀವು ನೋಡಿಕೊಳ್ಳಿ. ಇದಕ್ಕೆ ಹೊಸ ಕಟ್ಟಡ ಬೇಡ, ಯಂತ್ರ ಬೇಡ.

ನೋಡಲು ಜನ ಸಾಲದು ಎಂದಾದರೆ ನಮ್ಮನ್ನು ಕರೆಯಿರಿ. ನನ್ನ ಹಾಗೆ ನಿವೃತ್ತರಾದ ನರ್ಸ್‌ಗಳು ಈ ಊರಿನಲ್ಲಿ ತುಂಬಾ ಜನ ಇದ್ದೇವೆ. ಡ್ರಿಪ್, ಕ್ಯಾತಿಟರ್, ಡ್ರೆಸ್ಸಿಂಗ್ ನಮ್ಮ ಕೈಗೆ ಚೆನ್ನಾಗಿ ಗೊತ್ತಿರುವ ಕೆಲಸ. ವಾರಕ್ಕೆ ಎರಡು ಬೆಳಿಗ್ಗೆ ನಾನು ಬರಲು ಸಿದ್ಧ, ಸಂಬಳ ಬೇಡ. ಎಂಟು ಗಂಟೆಗೆ ವಾರ್ಡ್‌ನಲ್ಲಿರುತ್ತೇನೆ.

ಇಂತಿ,
ನಿವೃತ್ತ ನರ್ಸ್ ಒಬ್ಬಳು
ಬೆಂಗಳೂರು